ಸಹಾಯ ಬೇಕು: ಶಾಲೆಯ ಗೊಬ್ಬರದ ಗುಂಡಿ ನಾತ ಹೊಡೀತಿದೆ

ನಮಸ್ಕಾರ. ನಾನು ಹಾವೇರಿ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಪ್ರತಿ ವರ್ಷ ಜೂನ್ 5ಕ್ಕೆ, ಪರಿಸರ ದಿನದಂದು, ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಬೇಸಿಗೆ ರಜೆಯಲ್ಲಿ ಅವು ಒಣಗುತ್ತವೆ. ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಗಿಡ!

ಈ ಸಲ ಹಾಗಾಗಬಾರದು ಅಂತ ಇಕೋ ಕ್ಲಬ್ ಮಕ್ಕಳ ಜೊತೆ ಬಿಸಿಯೂಟದ ತರಕಾರಿ ಸಿಪ್ಪೆಯಿಂದ ಗೊಬ್ಬರ ಮಾಡಲು ಶುರು ಮಾಡಿದ್ದೇವೆ. ತಟ್ಟೆ ತೊಳೆದ ನೀರು ಬಾಳೆ ಬುಡಕ್ಕೆ ಹೋಗುತ್ತದೆ. ಬಾಳೆ ಚೆನ್ನಾಗಿದೆ, ಈಗಾಗಲೇ ಎರಡು ಮರಿ ಬಿಟ್ಟಿದೆ. ಗುಂಡಿಯದ್ದೇ ತಲೆನೋವು. ಮಕ್ಕಳು ಮಿಕ್ಕ ಅನ್ನ, ಸಾಂಬಾರನ್ನೂ ಅದಕ್ಕೇ ಸುರಿಯುತ್ತಾರೆ. ನೊಣ ಜಾಸ್ತಿ, ಅಡುಗೆಯವರು ದಿನಾ ಬೈಯುತ್ತಾರೆ. ತಪ್ಪು ಅವರದ್ದಲ್ಲ ಬಿಡಿ. ಒಣ ಎಲೆ ಎರಡು ಪಟ್ಟು ಹಾಕಿದರೆ ಸಾಕಾ, ಅನ್ನ ಪೂರ್ತಿ ನಿಲ್ಲಿಸಬೇಕಾ?

ಇನ್ನೊಂದು, ರಜೆಯಲ್ಲಿ ಗಿಡಗಳಿಗೆ ನೀರು ಹಾಕುವವರು ಯಾರು? ನಿಮ್ಮ ಶಾಲೆಯಲ್ಲಿ ಏನು ಮಾಡಿದಿರಿ, ಹೇಳಿ.