ಅಪ್‌ಡೇಟ್: ಎಂಜಿಬಿಗೆ 185ರ ಟೈರ್ ಹಾಕಿಸಿದೆ

ದೊಡ್ಡಪ್ಪನ 1967ರ ಎಂಜಿಬಿಗೆ (ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು) 165ರ ಬದಲು 185/70 ಆರ್14 ಟೈರ್ (185 ಅಂದ್ರೆ ಮಿಲಿಮೀಟರಿನಲ್ಲಿ ಅಗಲ, 70 ಅಂದ್ರೆ ಟೈರಿನ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, 14 ಅಂದ್ರೆ ರಿಮ್‌ನ ಇಂಚು ವ್ಯಾಸ) ಹಾಕಬಹುದಾ ಅಂತ ಇಲ್ಲಿ ಕೇಳಿದ್ದೆ ಅಲ್ವಾ? ಹಾಕಿಸಿದೆ, ಐದೂವರೆ ಇಂಚು ಅಗಲದ ರಿಮ್ ಸಮೇತ.

ಹಳೇ 165/80ಕ್ಕಿಂತ ಟೈರಿನ ಒಟ್ಟು ಎತ್ತರ ಬರೀ 5 ಮಿಲಿಮೀಟರ್ ಕಮ್ಮಿ, ಹಾಗಾಗಿ ಸ್ಪೀಡೋಮೀಟರಿಗೆ ಏನೂ ತೊಂದರೆ ಇಲ್ಲ. ಆದರೆ ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವಾಗ, ತಿರುವಿನಲ್ಲಿ ಹಿಂದಿನ ಎಡ ಚಕ್ರದಿಂದ ಕರ್ರ್ ಅಂತ ಸದ್ದು. ಇಳಿದು ನೋಡಿದೆ. ಟೈರಿನ ಅಂಚಲ್ಲಿ ಹೊಳೆಯುವ ಗೀರು, ಮಡ್‌ಗಾರ್ಡಿನ ಒಳತುದಿಯಲ್ಲಿ ಕಪ್ಪು ರಬ್ಬರ್ ಪುಡಿ. ಎಡಗಡೆ ಜಾಗ ಕಮ್ಮಿ ಅಂತ ನೀವು ಹೇಳಿದ್ದು ನಿಜವೇ ಆಯ್ತು! ಶಿವಮೊಗ್ಗದಲ್ಲಿ ಟಿಂಕರಿಂಗ್ ಮಾಡುವ ಅಣ್ಣ ಆ ತುದಿಯನ್ನು ಬಿಸಿ ಮಾಡಿ, ನಿಧಾನಕ್ಕೆ ಒಳಗೆ ಮಡಿಸಿಕೊಟ್ಟರು. ಬಣ್ಣ ಒಂಚೂರೂ ಬಿಡಲಿಲ್ಲ.

ಪಾರ್ಕ್ ಮಾಡುವಾಗ ಸ್ಟೀರಿಂಗ್ ಭಾರ. ತಿರುವಿನಲ್ಲಿ ಹಿಡಿತ ಮಾತ್ರ ಸೂಪರ್. ನೀರು ನಿಂತ ರಸ್ತೆಯಲ್ಲಿ ಅಗಲ ಟೈರ್ ಬೇಗ ತೇಲುತ್ತೆ, ಹಾಗಾಗಿ ಮಳೆಗಾಲಕ್ಕೆ ಹಳೇ ಸೆಟ್ ಇಟ್ಟುಕೊಂಡಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.