ಅಪ್‌ಡೇಟ್: ಅತ್ತೆಯವರ ಮತಕ್ಕೆ ಜೊತೆಗಾರಳಾಗಿ ಹೋದಾಗ ನಡೆದದ್ದು

ಕಣ್ಣು ಬಹುಮಟ್ಟಿಗೆ ಮಂಜಾಗಿರುವ ನನ್ನ ಅತ್ತೆಯವರ ಜೊತೆ ಮತಯಂತ್ರದವರೆಗೆ ಹೋಗಲು ಕಳೆದ ಸಲ ಪಕ್ಷವೊಂದರ ಏಜೆಂಟರು ಬಿಡಲಿಲ್ಲ, ಈ ಸಲ ಏನು ಮಾಡಲಿ ಎಂದು ಕೇಳಿದ್ದೆ. 2024ರ ಮೇ 7ರಂದು ಅತ್ತೆಯವರ ಮತ ನೆಮ್ಮದಿಯಿಂದ ಬಿತ್ತು.

ಮನೆಯಿಂದಲೇ ಮತದಾನದ 12ಡಿ ಅರ್ಜಿಯ ಸಲಹೆ ನಮಗೆ ಒದಗಲಿಲ್ಲ. ಅದಕ್ಕೆ 85 ವರ್ಷ ದಾಟಿರಬೇಕು ಅಥವಾ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರವಿರಬೇಕು. ಅವರಿಗೆ 78, ಪ್ರಮಾಣಪತ್ರವೂ ಇಲ್ಲ. ಕೆಲಸಕ್ಕೆ ಬಂದದ್ದು 1961ರ ಚುನಾವಣಾ ನಿಯಮಗಳ 49ಎನ್ ಅನ್ನು, ಅಂದರೆ ಕಣ್ಣು ಕಾಣದ ಅಥವಾ ಅಶಕ್ತ ಮತದಾರರು ಜೊತೆಗಾರರನ್ನು ಕರೆದೊಯ್ಯಬಹುದೆಂಬ ನಿಯಮವನ್ನು, ಮುದ್ರಿಸಿಕೊಂಡು ಹೋಗಿ ಎಂದವರ ಮಾತು. ಏಜೆಂಟರು ಮತ್ತೆ ತಡೆದಾಗ ನಾನು ವಾದಿಸದೆ ಹಾಳೆಯನ್ನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯವರ ಮುಂದಿಟ್ಟೆ. ಚಿಹ್ನೆ ಗುರುತಿಸಲು ಆಗುತ್ತದೆಯೇ ಎಂದು ಅವರು ಅತ್ತೆಯವರನ್ನೇ ವಿಚಾರಿಸಿ, ಮತದ ಗುಟ್ಟು ಕಾಯುತ್ತೇನೆಂಬ ಘೋಷಣೆಗೆ ನನ್ನ ಸಹಿ ಪಡೆದು, 14ಎ ನಮೂನೆಯಲ್ಲಿ ವಿವರ ಬರೆದುಕೊಂಡು ಒಳಗೆ ಕಳುಹಿಸಿದರು. ಅತ್ತೆಯವರು ನನ್ನ ಕಿವಿಯಲ್ಲಿ ಹೇಳಿದ ಚಿಹ್ನೆಯ ಗುಂಡಿಯನ್ನು ಒತ್ತಿ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಏಳು ಸೆಕೆಂಡು ಕಾಣುವ ಚೀಟಿಯನ್ನು ಪಿಸುದನಿಯಲ್ಲಿ ಓದಿ ಹೇಳಿದಾಗ ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ನನಗೆ ತಿಳಿಯದಿದ್ದ ಸಂಗತಿಯೆಂದರೆ, ಒಬ್ಬರು ಒಂದು ದಿನ ಒಬ್ಬ ಮತದಾರರಿಗಷ್ಟೇ ಜೊತೆಗಾರರಾಗಬಹುದು ಮತ್ತು ಜೊತೆಗಾರರಿಗೆ 18 ವರ್ಷ ತುಂಬಿರಬೇಕು. ಹಾಗಾಗಿ ದೃಷ್ಟಿ ಕಳೆದುಕೊಂಡಿರುವ ನಮ್ಮ ದೊಡ್ಡತ್ತೆಯವರ ಜೊತೆ 19ರ ನನ್ನ ಮಗ ಹೋಗಬೇಕಾಯಿತು. ಇಬ್ಬರು ಹಿರಿಯರಿರುವ ಮನೆಯವರು ಇಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.