ರೈಡಿಂಗ್ ಮೋವರ್ ಡ್ರೈವ್ ಬೆಲ್ಟ್ ಮೂರೇ ತಿಂಗಳಿಗೆ ಸವೆಯುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ (ರಾಲೀ, ನಾರ್ತ್ ಕ್ಯಾರೊಲೈನಾ)

ಎಲ್ಲರಿಗೂ ನಮಸ್ಕಾರ. ಮನೆಯ ಜೊತೆಗೆ ಸುಮಾರು ಒಂದು ಎಕರೆ ಹುಲ್ಲೂ ಗಂಟುಬಿದ್ದಿದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ರೈಡಿಂಗ್ ಮೋವರ್ (ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ) ತೆಗೆದುಕೊಂಡೆ. 42 ಇಂಚಿನ ಡೆಕ್ (ಬ್ಲೇಡುಗಳಿರುವ ತಳಭಾಗ), ಹೈಡ್ರೋಸ್ಟಾಟಿಕ್ (ಗೇರ್ ಬದಲು ಎಣ್ಣೆಯ ಒತ್ತಡದಲ್ಲಿ ಓಡುವಂಥದ್ದು). ಏಪ್ರಿಲ್‌ನಲ್ಲಿ ಹೊಸ ಡ್ರೈವ್ ಬೆಲ್ಟ್ ಹಾಕಿಸಿದ್ದೆ. ಈಗ ಜುಲೈ. ಹಿತ್ತಲಿನ ಏರು ಹತ್ತುವಾಗ ಗಾಡಿ ತಡವರಿಸುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ, ನಿಲ್ಲಿಸಿದ ಜಾಗದಲ್ಲಿ ಕಪ್ಪು ಪುಡಿ ಉದುರಿರುತ್ತದೆ. ಬ್ಲೇಡುಗಳು ಮಾತ್ರ ಸರಿಯಾಗಿಯೇ ತಿರುಗುತ್ತವೆ. ರಿಪೇರಿಯವರು "ಇನ್ನೊಂದು ಬೆಲ್ಟ್ ಹಾಕಿಬಿಡಿ" ಅನ್ನುತ್ತಾರೆ. ಅದಕ್ಕೆ ದುಡ್ಡು ಸುರಿಯುವ ಮೊದಲು ಏನೇನು ನೋಡಬೇಕು?

ಅಟ್ಲಾಂಟಾದಿಂದ

ಬೆಲ್ಟ್ ಈಗಲೇ ತರಬೇಡಿ. ಹೊಸ ಬೆಲ್ಟ್ ಮೂರು ತಿಂಗಳಿಗೆ ಪುಡಿಯಾಗುತ್ತಿದ್ದರೆ ಅದನ್ನು ತಿನ್ನುತ್ತಿರುವುದು ಬೇರೆ ಯಾವುದೋ ಭಾಗ. ಅದನ್ನು ಹಿಡಿಯದೆ ಹಾಕಿದ ಮುಂದಿನ ಬೆಲ್ಟಿಗೂ ಇದೇ ಗತಿ.

ನಿಮ್ಮ ಗಾಡಿಯಲ್ಲಿ ಎರಡು ಬೆಲ್ಟ್ ಇವೆ. ಎಂಜಿನ್ ಕೆಳಗಿನ ಪುಲ್ಲಿಯಿಂದ ಹಿಂದಿನ ಟ್ರಾನ್ಸ್ಆಕ್ಸಲ್‌ಗೆ (ಚಕ್ರ ತಿರುಗಿಸುವ ಟ್ರಾನ್ಸ್ಮಿಷನ್ ಪೆಟ್ಟಿಗೆ) ಹೋಗುವುದು ಡ್ರೈವ್ ಬೆಲ್ಟ್, ಡೆಕ್ ಮೇಲೆ ಬ್ಲೇಡುಗಳನ್ನು ತಿರುಗಿಸುವುದು ಇನ್ನೊಂದು. ಬ್ಲೇಡ್ ಸರಿ ಇದೆ ಅಂದಮೇಲೆ ಡೆಕ್ ಬೆಲ್ಟಿನ ತಂಟೆಗೆ ಹೋಗಬೇಡಿ. ಡ್ರೈವ್ ಬೆಲ್ಟ್ ದಾರಿಯಲ್ಲಿ ಸಾಮಾನ್ಯವಾಗಿ ಎರಡು ಐಡ್ಲರ್ ಪುಲ್ಲಿ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಪುಲ್ಲಿ) ಸಿಗುತ್ತವೆ. ಒಂದು ಚಪ್ಪಟೆ, ಬೆಲ್ಟಿನ ಬೆನ್ನ ಮೇಲೆ ಉರುಳುವಂಥದ್ದು. ಇನ್ನೊಂದು ವಿ ಆಕಾರದ್ದು. ಇವು ಕೂತಿರುವ ತೋಳನ್ನು ಸ್ಪ್ರಿಂಗ್ ಎಳೆದು ಹಿಡಿದಿರುತ್ತದೆ. ಬ್ರೇಕ್ ಪೆಡಲ್ ಒತ್ತಿದಾಗ ಸಡಿಲ, ಬಿಟ್ಟಾಗ ಬಿಗಿ. ನನ್ನ ಅನುಭವದಲ್ಲಿ ತಕರಾರು ಹುಟ್ಟುವುದು ಹೆಚ್ಚಾಗಿ ಈ ತೋಳಿನ ಸುತ್ತಲೇ.

ಕೈ ಹಾಕುವ ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ, ಸ್ಪಾರ್ಕ್ ಪ್ಲಗ್ ವೈರ್ ಕಳಚಿ. ಆಗಷ್ಟೇ ಓಡಿಸಿದ ಗಾಡಿಯಾದರೆ ಪುಲ್ಲಿಯೂ ಸುಡುತ್ತದೆ, ಆರಲು ಬಿಡಿ.

ಡಲ್ಲಾಸ್‌ನಿಂದ, ಮೂಲ ಹುಬ್ಬಳ್ಳಿ

ಮೋವರ್ ಮೊನ್ನೆ ಮೊನ್ನೆದ್ದು ರೀ, ಆದ್ರ ಬೆಲ್ಟ್ ಜೋಡಿ ಹಳೇ ದೋಸ್ತಿ. ನಮ್ಮ ಅಪ್ಪಾಂದು ಹಿಟ್ಟಿನ ಗಿರಣಿ ಇತ್ತು. ಚಪ್ಪಲಿ ಯಾವ ಬಾಜೂ ಸವದೈತಿ ನೋಡಿ ನಡಿಗಿ ಹೇಳ್ತಾರಲ್ಲ, ಹಂಗ ಹಳೇ ಬೆಲ್ಟ್ ನೋಡಿ ರೋಗ ಹೇಳಬಹುದು. ಬಿಚ್ಚಿ ಬೆಳಕಿಗೆ ಹಿಡೀರಿ.

ಎರಡೂ ಬಾಜೂ ಗಟ್ಟಿಯಾಗಿ ಮಿಂಚ್ಲಿಕ್ಕತ್ತಿದ್ರ ಬೆಲ್ಟ್ ಜಾರೇತಿ. ಸ್ಪ್ರಿಂಗ್ ಸಡಿಲ ಆಗೇತಿ, ಇಲ್ಲಾ ಎಂಜಿನ್ ಎಣ್ಣಿ ಸೋರಿ ಬಿದ್ದೈತಿ, ಇಲ್ಲಾ ಪುಲ್ಲಿ ಸವದೈತಿ. ಒಂದ ಬಾಜೂ ಅಷ್ಟ ನೂಲು ಎದ್ದಿದ್ರ ಪುಲ್ಲಿಗೋಳು ಒಂದ ಲೈನಿನಾಗ ಇಲ್ಲ. ಒಂದ ಜಾಗಾದಾಗ ಮಾತ್ರ ಸುಟ್ಟು ತೆಳ್ಳಗಾಗಿದ್ರ, ಬೆಲ್ಟ್ ನಿಂತಾಗ ಎಂಜಿನ್ ಪುಲ್ಲಿ ಅದರ ಮ್ಯಾಲೆ ತಿರಗೇತಿ ಅಂತ ಅರ್ಥ. ಬ್ರೇಕ್ ಪೂರ್ತಿ ಬಿಡತೈತೇನು ನೋಡ್ರಿ. ಒಳಗಿನ ಬಾಜೂ ಅಡ್ಡಡ್ಡ ಸೀಳಿದ್ರ ಅದು ವಯಸ್ಸು ಮತ್ತ ಕಾವು. ಮೂರು ತಿಂಗಳಿನ ಬೆಲ್ಟಿಗೆ ಹಂಗ ಆಗಬಾರದು.

ಪುಲ್ಲಿನೂ ನೋಡ್ರಿ. ವಿ ಬೆಲ್ಟ್ ಹಿಡಿಯೂದು ಎರಡೂ ಬಾಜೂಲೆ, ತಳದಾಗ ಅಲ್ಲ. ಗ್ರೂವಿನ ತಳಾ ಮಿಂಚ್ಲಿಕ್ಕತ್ತಿದ್ರ ಬೆಲ್ಟ್ ತಳಾ ಮುಟ್ಟೇತಿ, ಹಿಡಿತ ಹೋಗೇತಿ. ಹೊಸಾ ಬೆಲ್ಟ್ ಕುಂದ್ರಿಸಿದಾಗ ಅದರ ಬೆನ್ನು ಪುಲ್ಲಿ ಅಂಚಿನ ಸಮಾ ಬರಬೇಕು. ಭಾಳ ಒಳಗ ಇಳದ್ರ ಪುಲ್ಲಿ ಬದಲಿಸ್ರಿ, ಇಲ್ಲಾ ಬೆಲ್ಟಿನ ಅಗಲ ತಪ್ಪೈತಿ.

ಗಿರಣ್ಯಾಗ ಪಟ್ಟಾ ಜಾರಿದ್ರ ರಾಳದ ಪುಡಿ ಹಾಕತಿದ್ರು. ಅದು ಚಪ್ಪಟಿ ಪಟ್ಟಾದ ಕಾಲದ ಮಾತು. ಇಲ್ಲೆ ಅಂಗಡ್ಯಾಗ ಬೆಲ್ಟ್ ಡ್ರೆಸಿಂಗ್ ಅಂತ ಸ್ಪ್ರೇ ಡಬ್ಬಿ ಸಿಗತೈತಿ. ಹೊಡೀಬ್ಯಾಡ್ರಿ. ಅಂಟಿಗೆ ಹುಲ್ಲು, ಧೂಳ ಎಲ್ಲಾ ಕುಂತು ಗ್ರೂವ್ ತುಂಬತೈತಿ, ಇದ್ದ ರೋಗನೂ ಮುಚ್ಚಿ ಹೋಗತೈತಿ.

ಶಿಕಾಗೋ ಕಡೆಯಿಂದ

ಒಂದು ಮಾತು ಸೇರಿಸುತ್ತೇನೆ. ಹೈಡ್ರೋಸ್ಟಾಟಿಕ್ ಗಾಡಿ ಏರಿನಲ್ಲಿ ಸೋತರೆ ಬೆಲ್ಟೇ ಕಾರಣ ಅಂತ ಹೇಳಲಾಗದು. ಅರ್ಧ ಗಂಟೆ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಮಾತ್ರ ವಾಸನೆಯಿಲ್ಲದೆ ನಿಧಾನವಾದರೆ ಟ್ರಾನ್ಸ್ಮಿಷನ್ ಎಣ್ಣೆ, ಅದರ ಮೇಲಿನ ಫ್ಯಾನ್ ಇವನ್ನು ನೋಡಬೇಕು. ಫ್ಯಾನಿನ ರೆಕ್ಕೆ ಮುರಿದಿರುವುದು, ಸುತ್ತ ಹುಲ್ಲು ಗಟ್ಟಿಕಟ್ಟಿರುವುದು ತೀರಾ ಸಾಮಾನ್ಯ. ಎಂಜಿನ್ ನಿಂತಾಗ ಗಾಡಿಯನ್ನು ಕೈಯಿಂದ ತಳ್ಳುವುದಕ್ಕೆಂದು ಇರುವ ಬೈಪಾಸ್ ಲಿವರ್ ಅರ್ಧ ಎಳೆದಿದ್ದರೂ ಹೀಗೇ ಆಗುತ್ತದೆ. ನಿಮ್ಮದರಲ್ಲಿ ವಾಸನೆಯೂ ಕಪ್ಪು ಪುಡಿಯೂ ಇರುವುದರಿಂದ ಬೆಲ್ಟ್ ಕಡೆಗೇ ನನ್ನ ಮತ. ಆದರೂ ಲಿವರ್ ನೋಡುವುದಕ್ಕೆ ಖರ್ಚಿಲ್ಲ.

ರಾಲೀಯಿಂದ, ಪ್ರಶ್ನೆ ಕೇಳಿದವರು

ಡೆಕ್ ಇಳಿಸಿ ಬೆಲ್ಟ್ ಬಿಚ್ಚಿದೆ. ಲಿವರ್ ಸರಿಯಿದೆ, ಫ್ಯಾನೂ ಸರಿಯಿದೆ. ಬೆಲ್ಟಿನ ಕೆಳಗಿನ ಅಂಚು ಉದ್ದಕ್ಕೂ ನೂಲು ನೂಲಾಗಿದೆ, ಮೇಲಿನ ಅಂಚು ಹೊಸದರಂತೆಯೇ ಇದೆ. ಐಡ್ಲರ್ ತೋಳನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಚೆನ್ನಾಗಿಯೇ ಅಲ್ಲಾಡುತ್ತದೆ. ವಿ ಐಡ್ಲರ್ ಕೈಯಲ್ಲಿ ತಿರುಗಿಸಿದರೆ ಗರಗರ ಶಬ್ದ. ಎರಡು ಪೈನ್ ಕಾಯಿಗಳೂ ಒಳಗೆ ಸಂಸಾರ ಹೂಡಿದ್ದವು.

ಅಟ್ಲಾಂಟಾದಿಂದ

ಸಿಕ್ಕಿತಲ್ಲ. ತೋಳು ತಿರುಗುವ ಬೋಲ್ಟಿನ ಸುತ್ತ ಬುಷ್ (ಕೊಳವೆಯಂಥ ಒಳಪದರ) ಇರುತ್ತದೆ, ಅದು ಸವೆದಿದೆ. ಗಾಡಿ ನಿಂತಿದ್ದಾಗ ತೋಳು ನೇರವಾಗಿಯೇ ಕಾಣುತ್ತದೆ. ಸ್ಪ್ರಿಂಗ್ ಎಳೆದಾಗ ಓರೆಯಾಗುತ್ತದೆ, ಏರಿನಲ್ಲಿ ಭಾರ ಬಿದ್ದಾಗ ಇನ್ನಷ್ಟು. ಆಗ ಪುಲ್ಲಿಯೂ ಓರೆ, ಬೆಲ್ಟಿನ ಒಂದೇ ಅಂಚು ಉಜ್ಜಿಹೋಗುತ್ತದೆ. ಬೆಲ್ಟ್ ಬಿಚ್ಚಿಟ್ಟು ಕಣ್ಣಲ್ಲೇ ಅಳೆದು "ಲೈನ್ ಸರಿ ಇದೆ" ಅನ್ನುವವರು ಇಲ್ಲೇ ಮೋಸಹೋಗುವುದು.

ಬುಷ್ ಬದಲಿಸಿ. ಅದು ಕೂರುವ ಬೋಲ್ಟಿಗೂ ಗೀರು ಬಿದ್ದಿದ್ದರೆ ಜೊತೆಗೇ ಹೊಸದು ಹಾಕಿ, ಇಲ್ಲವಾದರೆ ಹೊಸ ಬುಷ್ ಬೇಗ ಹೋಗುತ್ತದೆ. ಗರಗರ ಅನ್ನುವ ಐಡ್ಲರ್ ಪುಲ್ಲಿ ಸಮೇತ ತೆಗೆಯಿರಿ. ಬೇರಿಂಗ್ ಮಾತ್ರ ಬದಲಿಸುವುದು ಕೆಲವದರಲ್ಲಿ ಆಗುತ್ತದೆ, ಆದರೆ ಒತ್ತಿ ರಿವೆಟ್ ಮಾಡಿದ ತಗಡಿನ ಪುಲ್ಲಿಯೊಂದಿಗೆ ಗುದ್ದಾಡುವಷ್ಟು ಉಳಿತಾಯ ಅದರಲ್ಲಿಲ್ಲ. ಸ್ಪ್ರಿಂಗ್ ಕೊಕ್ಕೆ ಸಿಕ್ಕಿಸುವ ತೂತು ಸವೆದು ಉದ್ದವಾಗಿದೆಯೇ ನೋಡಿ. ಆಗಿದ್ದರೆ ಎಳೆತ ಕಡಿಮೆಯಾಗಿರುತ್ತದೆ. ಹೋಸ್ ಹಿಡಿದು ರಭಸವಾಗಿ ತೊಳೆಯುವ ಅಭ್ಯಾಸ ಇದ್ದರೆ ಪುಲ್ಲಿಗಳ ಹತ್ತಿರ ಬೇಡ, ನೀರು ಬೇರಿಂಗ್ ಒಳಗೆ ಹೋಗುತ್ತದೆ. ನಮ್ಮ ಕಡೆ ಕೆಂಪು ಮಣ್ಣು, ಒಣ ಬ್ರಷ್ ಹೊಡೆದರೂ ಅರ್ಧ ಹೋಗುತ್ತದೆ.

ಸಾಗರದಿಂದ

ನಮ್ಮದು ಪವರ್ ಟಿಲ್ಲರ್, ಆದರೂ ಓದುತ್ತಾ ಇದ್ದೆ. ಟಿಲ್ಲರಿನಲ್ಲಿ ಬೆಲ್ಟ್ ಬಿಗಿ ನಾವೇ ಮಾಡಿಕೊಳ್ಳುತ್ತೇವೆ, ಹೆಬ್ಬೆರಳಲ್ಲಿ ಒತ್ತಿ ನೋಡಿ. ನಿಮ್ಮದರಲ್ಲಿ ಬಿಗಿ ಮಾಡುವ ಬೋಲ್ಟ್ ಇಲ್ಲವೇ?

ಅಟ್ಲಾಂಟಾದಿಂದ

ಹೆಚ್ಚಿನವುಗಳಲ್ಲಿ ಡ್ರೈವ್ ಬೆಲ್ಟಿಗೆ ಇಲ್ಲ ಸ್ವಾಮಿ, ಎಲ್ಲ ಸ್ಪ್ರಿಂಗೇ ನೋಡಿಕೊಳ್ಳುತ್ತದೆ. ಅದಕ್ಕೇ ಬೆಲ್ಟ್ ಉದ್ದ ಸ್ವಲ್ಪ ಹೆಚ್ಚಾದರೂ ಇಲ್ಲಿ ತೊಂದರೆ. ತೋಳು ತನ್ನ ಕೊನೆಗೆ ಹೋಗಿ ನಿಂತುಬಿಡುತ್ತದೆ, ಆಮೇಲೆ ಎಳೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಒಹಾಯೊದಿಂದ

ಉದ್ದದ ಮಾತು ಬಂತಲ್ಲ, ಬೆಲ್ಟ್ ತರುವಾಗ ಒಂದು ಗೊಂದಲ ಕಾದಿದೆ. 4ಎಲ್ ಅಂತ ಗುರುತಿರುವುದೂ ಎ ಸೆಕ್ಷನ್ ಬೆಲ್ಟೂ ಎರಡೂ ಅರ್ಧ ಇಂಚು ಅಗಲವೇ. ಆದರೆ 4ಎಲ್ ಸಂಖ್ಯೆ ಹೊರಸುತ್ತಿನ ಅಳತೆ, ಎ ಸಂಖ್ಯೆ ಒಳಸುತ್ತಿನದು. 4ಎಲ್780 ಅಂದರೆ ಹೊರಗೆ 78 ಇಂಚು, ಅದಕ್ಕೆ ಸಮನಾದದ್ದು ಎ-76. ಎ-78 ತಂದರೆ ಎರಡು ಇಂಚು ಉದ್ದ ಹೆಚ್ಚಾಯಿತು. ಅರ್ಧ ಸವೆದ ಹಳೇ ಬೆಲ್ಟ್ ಸುತ್ತ ಟೇಪ್ ಹಿಡಿದು ಅಳೆದದ್ದನ್ನೂ ನಂಬಬೇಡಿ, ಅದು ಹಿಗ್ಗಿರುತ್ತದೆ. ಸೀಟಿನ ಕೆಳಗಿರುವ ಮಾಡೆಲ್ ನಂಬರ್ ಹಾಕಿ ಕಂಪನಿಯ ಪಾರ್ಟ್ ನಂಬರ್ ಹುಡುಕುವುದೇ ವಾಸಿ.

ಇನ್ನೊಂದು, ಹಾರ್ಡ್‌ವೇರ್ ಅಂಗಡಿಯ ಅಗ್ಗದ ಬೆಲ್ಟ್ ನೋಡಲು ಒಂದೇ ಥರ. ಒಳಗಿನ ನೂಲು ಪಾಲಿಯೆಸ್ಟರ್ ಆಗಿರುತ್ತದೆ. ಮೋವರಿಗೆಂದೇ ಮಾಡಿದ ಒಳ್ಳೇ ಬೆಲ್ಟಿನಲ್ಲಿ ಕೆವ್ಲರ್ ಥರದ ಗಟ್ಟಿ ಅರಾಮಿಡ್ ನೂಲು, ಮೇಲೆ ಬಟ್ಟೆಯ ಹೊದಿಕೆ. ಪೆಡಲ್ ಒತ್ತಿದಾಗಲೆಲ್ಲ ಜಾರಿ ಹಿಡಿಯುವ ಕೆಲಸ ಇದಕ್ಕೆ ಒಗ್ಗುತ್ತದೆ. ಬೆಲೆ ಹೆಚ್ಚು, ಆದರೆ ಇಲ್ಲಿ ಚೌಕಾಸಿ ಬೇಡ. ಏಪ್ರಿಲ್‌ನಲ್ಲಿ ನಿಮಗೆ ಹಾಕಿದ್ದು ಯಾವುದು ಅಂತ ಬೆನ್ನ ಮೇಲಿನ ಅಕ್ಷರ ಓದಿ ನೋಡಿ.

ರಾಲೀಯಿಂದ, ಪ್ರಶ್ನೆ ಕೇಳಿದವರು

ಅಕ್ಷರ ಅಳಿಸಿಹೋಗಿದೆ. ಬುಷ್, ಬೋಲ್ಟ್, ಐಡ್ಲರ್, ಪಾರ್ಟ್ ನಂಬರ್ ನೋಡಿ ಬೆಲ್ಟ್, ನಾಲ್ಕನ್ನೂ ತರಿಸುತ್ತಿದ್ದೇನೆ. ಹಾಕುವಾಗ ಏನಾದರೂ ಗಮನಿಸಬೇಕೇ?

ಡಲ್ಲಾಸ್‌ನಿಂದ

ಬೆಲ್ಟ್ ಸ್ಕ್ರೂಡ್ರೈವರ್ ಹಾಕಿ ಮೀಟಿ ಏರಿಸಬ್ಯಾಡ್ರಿ. ಒಳಗಿನ ನೂಲು ಹರದ್ರ ಹೊರಗ ಕಾಣೂದಿಲ್ಲ, ಆಮ್ಯಾಲೆ ಓಡೂ ಮುಂದ ಬೆಲ್ಟ್ ಮಗಚಿ ಬೀಳತೈತಿ. ಸ್ಪ್ರಿಂಗ್ ಕಳಚಿ ಏರಿಸ್ರಿ. ಪುಲ್ಲಿಗೋಳ ಬಾಜೂಕ ಸಣ್ಣ ಕಂಬಿ ಇರತಾವ, ಬೆಲ್ಟ್ ಹಾರಬಾರದಂತ. ಬೆಲ್ಟ್ ಅವುಗಳ ಒಳಗ ಬರಬೇಕು, ಹೊರಗ ಹೋದ್ರ ಉಜ್ಜಿ ಉಜ್ಜಿ ಮತ್ತ ಅದೇ ಕಪ್ಪು ಪುಡಿ. ಎಲ್ಲಾ ಮುಗದ ಮ್ಯಾಲೆ ಪ್ಲಗ್ ವೈರ್ ಹಾಕೂ ಮೊದಲ ಬ್ರೇಕ್ ಪೆಡಲ್ ನಾಕೈದು ಸಲ ಒತ್ತಿ ಬಿಟ್ಟು, ತೋಳು ಪೂರ್ತಿ ವಾಪಸ್ ಬರತೈತೇನು ನೋಡ್ರಿ.